ಕರಾವಳಿಯ ತೇವ ಗಾಳಿಯಲ್ಲಿ ಪಿವಿಡಿಎಫ್ ಪದರ ಎರೆಯುವ ಬಗೆ

ಸುರತ್ಕಲ್, ಕೊಣಾಜೆ, ಮಣಿಪಾಲದ ಕಡೆಯ ಸಂಶೋಧನಾ ವಿದ್ಯಾರ್ಥಿಗಳಿಂದ ಪ್ರತಿ ವರ್ಷ ಮಳೆ ಹಿಡಿದ ಕೆಲವೇ ದಿನಗಳಲ್ಲಿ ಒಂದೇ ಪ್ರಶ್ನೆ ಬರುತ್ತದೆ. ಫೆಬ್ರವರಿಯಲ್ಲಿ ಗಾಜಿನ ಮೇಲೆ ಎರೆದ ಪಿವಿಡಿಎಫ್ ಎಂಬ ಪ್ಲಾಸ್ಟಿಕ್ಕಿನ ಪದರ ನುಣುಪಾಗಿ, ಹಿಂದಿನ ಅಕ್ಷರ ಕಾಣುವಷ್ಟು ತಿಳಿಯಾಗಿ ಬಂದಿತ್ತು. ಅದೇ ಪುಡಿ, ಅದೇ ದ್ರಾವಕ, ಅದೇ ತೂಕ ಬಳಸಿದರೂ ಜುಲೈಯಲ್ಲಿ ಅದು ಸುಣ್ಣ ಬಳಿದಂತೆ ಬೆಳ್ಳಗಾಗಿ, ಉಗುರು ತಾಗಿದರೆ ಕಿತ್ತು ಬರುವಂತಾಗಿದೆ. ಪುಡಿ ಕೆಟ್ಟಿದೆಯೇ, ದ್ರಾವಕ ಕಲಬೆರಕೆಯೇ ಎಂದು ಕೇಳುತ್ತಾರೆ. ಬಹುತೇಕ ಸಲ ಎರಡೂ ಅಲ್ಲ. ಬದಲಾದದ್ದು ಕೋಣೆಯ ಗಾಳಿಯಲ್ಲಿರುವ ನೀರು ಮಾತ್ರ. ಅದನ್ನು ಅಳೆಯುವುದು, ಬೇಡವಾದಾಗ ತಡೆಯುವುದು, ಬೇಕಾದಾಗ ಕರೆದು ಬಳಸುವುದು ಹೇಗೆಂದು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಪಿವಿಡಿಎಫ್ ಎಂದರೆ ಪಾಲಿವಿನೈಲಿಡೀನ್ ಫ್ಲೋರೈಡ್ ಎಂಬ ಪಾಲಿಮರ್, ಅಂದರೆ ಸಣ್ಣ ಘಟಕಗಳು ಉದ್ದ ಸರಪಳಿಯಾಗಿ ಬೆಸೆದ ವಸ್ತು. ಇದರ ಸರಪಳಿಯಲ್ಲಿ ಎರಡು ಹೈಡ್ರೋಜನ್ ಹೊತ್ತ ಇಂಗಾಲವೂ ಎರಡು ಫ್ಲೋರಿನ್ ಹೊತ್ತ ಇಂಗಾಲವೂ ಒಂದಾದ ಮೇಲೆ ಒಂದರಂತೆ ಬರುತ್ತವೆ. ಒತ್ತಿದಾಗ ವಿದ್ಯುತ್ ಹುಟ್ಟಿಸುವ ಇದರ ಗುಣವನ್ನು, ಅಂದರೆ ಪೀಜೋವಿದ್ಯುತ್ತನ್ನು, 1969ರಲ್ಲಿ ಜಪಾನಿನ ಹೇಜಿ ಕವಾಯ್ ವರದಿ ಮಾಡಿದರು. ಸಂವೇದಕ, ನೀರು ಸೋಸುವ ಪೊರೆ, ಲಿಥಿಯಂ ಬ್ಯಾಟರಿಯ ಅಂಟು ಹೀಗೆ ಅನೇಕ ಕಡೆ ಇದನ್ನು ಬಳಸುತ್ತಾರೆ. ಈ ಲೇಖನ ಇದನ್ನು ದ್ರಾವಕದಲ್ಲಿ ಕರಗಿಸಿ ಎರೆಯುವವರಿಗಾಗಿ. ಬಿಸಿಯಲ್ಲಿ ಕರಗಿಸಿ ಅಚ್ಚು ಹಾಕುವವರಿಗೆ ಇಲ್ಲಿನ ತೊಂದರೆಗಳು ಬಹುಮಟ್ಟಿಗೆ ಬರುವುದಿಲ್ಲ.

ಮೊದಲು ತಿಳಿಯಬೇಕಾದ ಒಂದು ವಿಷಯ

ಪಿವಿಡಿಎಫ್ ನೀರನ್ನು ಹೀರುವುದಿಲ್ಲವೆಂದು ಪುಸ್ತಕದಲ್ಲಿ ಓದಿರುತ್ತೀರಿ. ಅದು ನಿಜವೇ. ಆದರೆ ಅದನ್ನು ಕರಗಿಸುವ ದ್ರಾವಕಗಳಾದ ಡಿಎಂಎಫ್, ಡಿಎಂಎಸಿ, ಎನ್‌ಎಂಪಿ, ಡಿಎಂಎಸ್‌ಒ ಇವೆಲ್ಲವೂ ನೀರಿನೊಂದಿಗೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತವೆ, ಗಾಳಿಯಿಂದ ನೀರನ್ನು ಎಳೆದುಕೊಳ್ಳುತ್ತವೆ. ನೀರಾದರೋ ಪಿವಿಡಿಎಫ್ ಪಾಲಿಗೆ ಅದ್ರಾವಕ, ಅಂದರೆ ಅದನ್ನು ಕರಗಿಸಲಾರದ ದ್ರವ. ಎರೆದ ಪದರದೊಳಗೆ ನೀರು ಒಂದು ಮಿತಿ ಮೀರಿ ಸೇರಿದ ಕೂಡಲೇ ಏಕರೂಪವಾಗಿದ್ದ ದ್ರಾವಣ ಎರಡಾಗಿ ಒಡೆಯುತ್ತದೆ: ಪಾಲಿಮರ್ ದಟ್ಟವಾಗಿರುವ ಭಾಗ ಒಂದು, ಪಾಲಿಮರ್ ವಿರಳವಾಗಿರುವ ಭಾಗ ಇನ್ನೊಂದು. ಇದನ್ನು ಪ್ರಾವಸ್ಥಾ ಬೇರ್ಪಡೆ ಎನ್ನುತ್ತಾರೆ. ಹಾಲು ಒಡೆದಾಗ ಗಸಿಯೂ ನೀರೂ ಬೇರೆಯಾಗುವುದನ್ನು ನೆನೆದರೆ ಚಿತ್ರ ಸಿಗುತ್ತದೆ. ದಟ್ಟ ಭಾಗ ಗಟ್ಟಿಯಾಗಿ ಗೋಡೆಯಾಗುತ್ತದೆ, ವಿರಳ ಭಾಗ ಆವಿಯಾಗಿ ಹೋಗಿ ರಂಧ್ರವಾಗುತ್ತದೆ. ರಂಧ್ರಗಳು ಬೆಳಕಿನ ತರಂಗದೂರಕ್ಕೆ, ಅಂದರೆ ಅರ್ಧ ಮೈಕ್ರೋಮೀಟರಿನ ಆಸುಪಾಸಿಗೆ ಬಂದಾಗ, ಬೆಳಕು ಚದುರಿ ಪದರ ಬೆಳ್ಳಗೆ ಕಾಣುತ್ತದೆ. ಆ ಬಿಳುಪು ಬಣ್ಣವಲ್ಲ, ಕಲ್ಮಶವೂ ಅಲ್ಲ. ಅದು ರಂಧ್ರಗಳ ಗುರುತು.

ಹಾಗಾದರೆ ಪದರದ ಹಣೆಬರಹವನ್ನು ನಿರ್ಧರಿಸುವುದು ಒಂದು ಓಟ: ನೀರು ಒಳಗೆ ಬರುವುದು ಬೇಗವೋ, ದ್ರಾವಕ ಹೊರಗೆ ಹೋಗುವುದು ಬೇಗವೋ? 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸಂತೃಪ್ತ ಆವಿಯ ಒತ್ತಡ 4.24 ಕಿಲೋಪಾಸ್ಕಲ್. ಮಳೆಗಾಲದ ನಮ್ಮ ಕೋಣೆಯಲ್ಲಿ ಸಾಪೇಕ್ಷ ಆರ್ದ್ರತೆ, ಅಂದರೆ ಗಾಳಿ ಆ ಉಷ್ಣತೆಯಲ್ಲಿ ಹಿಡಿಯಬಲ್ಲ ನೀರಾವಿಯ ಎಷ್ಟು ಪಾಲನ್ನು ಹಿಡಿದಿದೆ ಎಂಬ ಅಳತೆ, ಶೇ. 85 ಇದೆಯೆಂದುಕೊಳ್ಳೋಣ. ಆಗ ಗಾಳಿಯಲ್ಲಿರುವ ನೀರಾವಿಯ ಒತ್ತಡ ಸುಮಾರು 3.6 ಕಿಲೋಪಾಸ್ಕಲ್. ಡಿಎಂಎಫ್ 153 ಡಿಗ್ರಿಯಲ್ಲಿ ಕುದಿಯುವ ದ್ರಾವಕ. ಕೋಣೆಯ ಉಷ್ಣತೆಯಲ್ಲಿ ಅದರ ಆವಿಯ ಒತ್ತಡ ಒಂದು ಕಿಲೋಪಾಸ್ಕಲ್ ಕೂಡ ಇಲ್ಲ. ಹೊರಗೆ ಹೋಗುವವನು ಕುಂಟುತ್ತಿದ್ದಾನೆ, ಒಳಗೆ ಬರುವವನು ಓಡಿ ಬರುತ್ತಿದ್ದಾನೆ. ಪದರ ಒಡೆಯದಿದ್ದರೆ ಆಶ್ಚರ್ಯಪಡಬೇಕು.

ಈಗ ಅದೇ ಗಾಜನ್ನು 60 ಡಿಗ್ರಿಯ ಹಾಟ್‌ಪ್ಲೇಟಿನ ಮೇಲೆ ಇಡಿ. 60 ಡಿಗ್ರಿಯಲ್ಲಿ ನೀರಿನ ಸಂತೃಪ್ತ ಒತ್ತಡ ಸುಮಾರು 19.9 ಕಿಲೋಪಾಸ್ಕಲ್. ಗಾಳಿಯಲ್ಲಿರುವುದು ಅದೇ 3.6. ಹಾಗಾಗಿ ಬಿಸಿ ಪದರದ ಪಾಲಿಗೆ ಆರ್ದ್ರತೆ ಶೇ. 85 ಅಲ್ಲ, ಸುಮಾರು ಶೇ. 18. ಗಾಜು 90 ಡಿಗ್ರಿಯಲ್ಲಿದ್ದರೆ ಅದು ಶೇ. 5ಕ್ಕೆ ಇಳಿಯುತ್ತದೆ. ಇದೇ ಹೊತ್ತಿಗೆ ಡಿಎಂಎಫ್ ಹಲವು ಪಟ್ಟು ಬೇಗ ಹಾರುತ್ತದೆ. ಗೋಡೆಯ ಹೈಗ್ರೋಮೀಟರ್ ತೋರಿಸುವ ಅಂಕಿಗಿಂತ ಪದರದ ಮೈಯಲ್ಲಿರುವ ಆರ್ದ್ರತೆಯೇ ಮುಖ್ಯ ಎಂಬುದನ್ನು ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ.

ಬೇಕಾಗುವ ಸಾಮಗ್ರಿ

ಪಿವಿಡಿಎಫ್ ಪುಡಿ ಅಥವಾ ಗುಳಿಗೆ, ಹೊಸದಾಗಿ ತೆರೆದ ಡಿಎಂಎಫ್, ಮುಚ್ಚಳ ಗಟ್ಟಿಯಾಗಿ ಕೂರುವ ಗಾಜಿನ ಬಾಟಲಿ, ಕಾಂತೀಯ ಕಲಕು ಯಂತ್ರವಿರುವ ಹಾಟ್‌ಪ್ಲೇಟ್, ಸಮತಟ್ಟಾದ ಗಾಜಿನ ಫಲಕ, ದ್ರಾವಣವನ್ನು ಸಮದಪ್ಪಕ್ಕೆ ಎಳೆಯುವ ಡಾಕ್ಟರ್ ಬ್ಲೇಡ್, ಎರಡು ಡಿಜಿಟಲ್ ಹೈಗ್ರೋಮೀಟರ್, ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ, ಸಿಲಿಕಾ ಜೆಲ್, 3 ಆಂಗ್‌ಸ್ಟ್ರಾಮ್ ಮಾಲಿಕ್ಯುಲರ್ ಸೀವ್. ಕೊನೆಯದು ನೀರಿನ ಅಣುವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುವಷ್ಟು ಸಣ್ಣ ತೂತುಗಳಿರುವ ಖನಿಜದ ಮಣಿಗಳು. ಒಣ ನೈಟ್ರೋಜನ್ ಸಿಲಿಂಡರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಕೈಗವಸಿನ ವಿಷಯದಲ್ಲಿ ಉದಾಸೀನ ಬೇಡ. ಡಿಎಂಎಫ್, ಡಿಎಂಎಸಿ, ಎನ್‌ಎಂಪಿ ಮೂರೂ ಚರ್ಮದ ಮೂಲಕ ದೇಹ ಸೇರುತ್ತವೆ, ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲವು. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಸಿಗುವ ತೆಳು ನೈಟ್ರೈಲ್ ಕೈಗವಸನ್ನು ಡಿಎಂಎಫ್ ಬೇಗ ದಾಟುತ್ತದೆ. ಬ್ಯುಟೈಲ್ ರಬ್ಬರಿನದು ಬೇಕು. ಎಲ್ಲ ಕೆಲಸವೂ ಆವಿಯನ್ನು ಹೊರಗೆಳೆದುಹಾಕುವ ಫ್ಯೂಮ್ ಹುಡ್ ಒಳಗೇ ನಡೆಯಲಿ.

ಹಂತ 1: ಹೈಗ್ರೋಮೀಟರನ್ನು ಉಪ್ಪಿನಿಂದ ಪರೀಕ್ಷಿಸಿ

ಅಂಗಡಿಯಲ್ಲಿ ಸಿಗುವ ಅಗ್ಗದ ಹೈಗ್ರೋಮೀಟರ್‌ಗಳು ಶೇ. 5ರಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ತಪ್ಪು ತೋರಿಸುತ್ತವೆ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಬೆರೆಸಿ. ಅದನ್ನೂ ಹೈಗ್ರೋಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಟ್ಟಿಗೆ ಮುಚ್ಚಿ, ಬಿಸಿಲು ತಾಗದ ಕಡೆ ಒಂದು ರಾತ್ರಿ ಇಡಿ. ಉಪ್ಪಿನ ಸಂತೃಪ್ತ ದ್ರಾವಣದ ಮೇಲಿನ ಗಾಳಿ 25 ಡಿಗ್ರಿಯಲ್ಲಿ ಶೇ. 75ರ ಆರ್ದ್ರತೆಗೆ ನಿಲ್ಲುತ್ತದೆ. ಮೀಟರ್ 80 ತೋರಿಸಿದರೆ ಆ ಮಟ್ಟದಲ್ಲಿ ಐದು ಕಳೆಯಬೇಕೆಂದು ಅದರ ಬೆನ್ನಿಗೆ ಚೀಟಿ ಅಂಟಿಸಿ. ಕೆಳಗಿನ ಮಟ್ಟವನ್ನೂ ನೋಡಬೇಕಿದ್ದರೆ ಮೆಗ್ನೀಸಿಯಂ ಕ್ಲೋರೈಡ್ ಶೇ. 33 ಕೊಡುತ್ತದೆ.

ಇದನ್ನು ಮೊದಲ ಹಂತವಾಗಿ ಇಟ್ಟದ್ದಕ್ಕೆ ಕಾರಣವಿದೆ. ನನಗೆ ಬಂದ ಪ್ರಶ್ನೆಗಳಲ್ಲಿ ಪದರದ ಫೋಟೋ ಇರುತ್ತದೆ, ದ್ರಾವಣದ ಸಾಂದ್ರತೆ ಇರುತ್ತದೆ. ಎರೆದ ದಿನದ ಆರ್ದ್ರತೆ ಮಾತ್ರ ಇರುವುದೇ ಇಲ್ಲ.

ಹಂತ 2: ದ್ರಾವಕ ಮತ್ತು ಪುಡಿಯನ್ನು ಒಣಗಿಸಿ

ಪಿವಿಡಿಎಫ್ ಪುಡಿಯನ್ನು 60ರಿಂದ 80 ಡಿಗ್ರಿಯ ಒಲೆಯಲ್ಲಿ, ಸಾಧ್ಯವಿದ್ದರೆ ನಿರ್ವಾತದಲ್ಲಿ, ರಾತ್ರಿಯಿಡೀ ಇಟ್ಟರೆ ಸಾಕು. ಪುಡಿಗಿಂತ ಅದರ ಜತೆ ಬೆರೆಸುವ ಪಿವಿಪಿ (ಪಾಲಿವಿನೈಲ್ ಪೈರೊಲಿಡೋನ್), ಲಿಥಿಯಂ ಕ್ಲೋರೈಡ್ ಮೊದಲಾದವು ಹೆಚ್ಚು ಅಪಾಯಕಾರಿ. ಮಳೆಗಾಲದ ಆಟಿ ತಿಂಗಳಲ್ಲಿ ಮನೆಯ ಉಪ್ಪಿನ ಭರಣಿ ನೀರೊಡೆಯುವುದನ್ನು ಕಂಡವರಿಗೆ ಲಿಥಿಯಂ ಕ್ಲೋರೈಡ್ ಏನು ಮಾಡುತ್ತದೆಂದು ವಿವರಿಸಬೇಕಾಗಿಲ್ಲ. ಅದರ ದಾಹ ಇನ್ನೂ ಬಹಳ ಹೆಚ್ಚು.

ಡಿಎಂಎಫ್ ಬಾಟಲಿಗೆ ಮಾಲಿಕ್ಯುಲರ್ ಸೀವ್ ಹಾಕಿ ಒಂದೆರಡು ದಿನ ಇಡಿ. ಮಣಿಗಳನ್ನು ಹಾಕುವ ಮೊದಲು 250ರಿಂದ 300 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ, ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಆರಿಸಬೇಕು. ಡಬ್ಬದಿಂದ ನೇರವಾಗಿ ತೆಗೆದು ಹಾಕಿದ ಮಣಿಗಳು ಅಷ್ಟು ಹೊತ್ತಿಗಾಗಲೇ ನಮ್ಮ ಗಾಳಿಯ ನೀರನ್ನು ಕುಡಿದು ತುಂಬಿರುತ್ತವೆ. ನೀರಿನ ಅಂಶವನ್ನು ಅಂಕಿಯಲ್ಲಿ ತಿಳಿಯಬೇಕಿದ್ದರೆ ಕಾರ್ಲ್ ಫಿಶರ್ ಟೈಟ್ರೇಷನ್ ಮಾಡಿಸಿ. ದ್ರವದಲ್ಲಿರುವ ನೀರನ್ನು ಅಯೋಡಿನ್ ಕ್ರಿಯೆಯ ಮೂಲಕ ಲೆಕ್ಕ ಹಾಕುವ ವಿಧಾನವದು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಫ್ರಿಜ್‌ನಿಂದ ತೆಗೆದ ದ್ರಾವಕದ ಅಥವಾ ದ್ರಾವಣದ ಬಾಟಲಿಯನ್ನು ಕೋಣೆಯ ಉಷ್ಣತೆಗೆ ಬರುವ ಮೊದಲು ತೆರೆಯಬೇಡಿ; ತೆರೆದರೆ ಒಳಗೋಡೆಯ ಮೇಲೆ ನೀರು ಕಟ್ಟುತ್ತದೆ. ಇನ್ನೊಂದು, ಬಾಟಲಿ ತೆರೆದಾಗ ಡಿಎಂಎಫ್ ಹಳಸಿದ ಮೀನಿನಂತೆ ನಾರುತ್ತಿದ್ದರೆ ಅದನ್ನು ಬಳಸಬೇಡಿ. ಅದು ಡೈಮಿಥೈಲ್ ಅಮೀನ್ ವಾಸನೆ. ಕ್ಷಾರ ಗುಣದ ಈ ಅಮೀನ್ ಪಿವಿಡಿಎಫ್ ಸರಪಳಿಯಿಂದ ಹೈಡ್ರೋಜನ್ ಫ್ಲೋರೈಡನ್ನು ಕಿತ್ತು ದ್ರಾವಣವನ್ನು ಹಳದಿಗೂ ಕಂದಿಗೂ ತಿರುಗಿಸುತ್ತದೆ. ಬಣ್ಣ ಬದಲಾದದ್ದನ್ನು ನೀರಿನ ಲೆಕ್ಕಕ್ಕೆ ಬರೆಯಬೇಡಿ. ಬಿಳುಪು ನೀರಿನದು, ಹಳದಿ ಕ್ಷಾರದ್ದು.

ಹಂತ 3: ದ್ರಾವಣ ತಯಾರಿಸಿ, ಅದು ಎಷ್ಟು ನೀರು ತಾಳುತ್ತದೆಂದು ನೋಡಿ

ಮೊದಲ ಪ್ರಯೋಗಕ್ಕೆ ತೂಕದಲ್ಲಿ ಶೇ. 10ರ ದ್ರಾವಣ ಅನುಕೂಲ. 50ರಿಂದ 60 ಡಿಗ್ರಿಯಲ್ಲಿ, ಮುಚ್ಚಳ ಬಿಗಿಯಾಗಿ ಹಾಕಿ, ಪೂರ್ಣ ತಿಳಿಯಾಗುವವರೆಗೆ ಕಲಕಿ. ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಬೇಗ ಕರಗಲೆಂದು ಉರಿ ಏರಿಸಬೇಡಿ, ಮುಚ್ಚಳ ತೆರೆದು ಇಣುಕಬೇಡಿ. ಕರಗಿದ ಮೇಲೆ ಗುಳ್ಳೆಗಳು ಏರಿ ಹೋಗಲು ಮುಚ್ಚಿದ ಬಾಟಲಿಯಲ್ಲೇ ವಿಶ್ರಾಂತಿ ಕೊಡಿ.

ಮುಂದಿನದನ್ನು ಹೆಚ್ಚಿನವರು ಮಾಡುವುದಿಲ್ಲ. ಆದರೆ ಅರ್ಧ ದಿನದ ಈ ಕೆಲಸ ಮುಂದಿನ ಎಷ್ಟೋ ವಾರಗಳನ್ನು ಉಳಿಸುತ್ತದೆ. ದ್ರಾವಣದಿಂದ 10 ಗ್ರಾಂ ತೂಗಿ ಬೇರೆ ಬಾಟಲಿಗೆ ಹಾಕಿ. ಇನ್ನೊಂದು ಕಡೆ ಡಿಎಂಎಫ್‌ಗೆ ಶೇ. 20ರಷ್ಟು ನೀರು ಬೆರೆಸಿಟ್ಟುಕೊಳ್ಳಿ. ಈ ಮಿಶ್ರಣವನ್ನು ಕಲಕುತ್ತಿರುವ ದ್ರಾವಣಕ್ಕೆ ಹನಿ ಹನಿಯಾಗಿ ಬಿಡುತ್ತಾ ಬನ್ನಿ, ಪ್ರತಿ ಹನಿಯ ನಂತರ ತಿಳಿಯಾಗುವವರೆಗೆ ಕಾಯಿರಿ. ಶುದ್ಧ ನೀರನ್ನೇ ಹನಿಸಿದರೆ ಹನಿ ಬಿದ್ದ ಜಾಗದಲ್ಲೇ ಪಾಲಿಮರ್ ಗಂಟು ಕಟ್ಟಿ, ಆಮೇಲೆ ಕರಗುವುದೇ ಇಲ್ಲ. ಅಳತೆ ದಾರಿ ತಪ್ಪುತ್ತದೆ. ಯಾವ ಹನಿಗೆ ಮಸುಕು ಉಳಿದೇಬಿಟ್ಟಿತೋ ಅಲ್ಲಿಯವರೆಗೆ ಸೇರಿದ ನೀರಿನ ತೂಕವೇ ಆ ಉಷ್ಣತೆಯಲ್ಲಿ ನಿಮ್ಮ ದ್ರಾವಣದ ತಾಳ್ಮೆಯ ಮಿತಿ. ಇದಕ್ಕೆ ಮಸುಕು ಬಿಂದು ಎನ್ನೋಣ. ಮಿತಿ ಕೆಲವೇ ಶೇಕಡಾ ಎಂಬುದನ್ನು ಕಣ್ಣಾರೆ ಕಂಡವರು ಮುಂದೆ ಬಾಟಲಿಯ ಮುಚ್ಚಳವನ್ನು ತೆರೆದಿಡುವುದಿಲ್ಲ.

ಮಸುಕು ಬಿಂದುವಿಗಿಂತ ಕಡಿಮೆ ನೀರಿದ್ದರೂ ದ್ರಾವಣ ದಿನಕಳೆದಂತೆ ಲೋಳೆಯಾಗಿ ಹೆಪ್ಪುಗಟ್ಟಬಹುದು. ಸರಪಳಿಗಳ ಕೆಲವು ಭಾಗಗಳು ಸಣ್ಣ ಸ್ಫಟಿಕಗಳಾಗಿ ಒಂದನ್ನೊಂದು ಹಿಡಿದುಕೊಳ್ಳುವುದೇ ಇದಕ್ಕೆ ಕಾರಣ, ನೀರು ಇದನ್ನು ಚುರುಕುಗೊಳಿಸುತ್ತದೆ. ಸಾಮಾನ್ಯವಾಗಿ 60 ಡಿಗ್ರಿಗೆ ಕಾಯಿಸಿ ಕಲಕಿದರೆ ಹೆಪ್ಪು ಬಿಡುತ್ತದೆ. ಬ್ಯಾಟರಿಯವರಿಗೆ ಮಾತ್ರ ಈ ಉಪಾಯ ನಡೆಯದು: ನಿಕ್ಕಲ್ ಹೆಚ್ಚಿರುವ ಕ್ಯಾಥೋಡ್ ಪುಡಿಯ ಮೈಮೇಲೆ ಕ್ಷಾರವಿರುತ್ತದೆ, ತೇವ ಸೇರಿದಾಗ ಅದು ಪಿವಿಡಿಎಫ್ ಸರಪಳಿಯನ್ನೇ ಮುರಿದು ಬೆಸೆದು ಬಿಡಿಸಲಾಗದ ಹೆಪ್ಪು ಮಾಡುತ್ತದೆ.

ಹಂತ 4: ಎರೆಯುವ ಜಾಗದ ಗಾಳಿಯನ್ನು ಸಿದ್ಧಗೊಳಿಸಿ

ಪೆಟ್ಟಿಗೆಯೊಳಗೆ ಎರೆದು ಮುಚ್ಚಿದೆ, ಆದರೂ ಬೆಳ್ಳಗಾಯಿತು ಎಂಬ ದೂರು ಬಹಳ. ಒಂದು ಲೆಕ್ಕ ನೋಡಿ. 30 ಡಿಗ್ರಿ, ಶೇ. 85ರ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 26 ಗ್ರಾಂ ನೀರಿರುತ್ತದೆ. 30 ಲೀಟರಿನ ಪೆಟ್ಟಿಗೆಯಲ್ಲಿ ಮುಕ್ಕಾಲು ಗ್ರಾಂ ಮೀರಿ ಆಯಿತು. ನೀವು 10 ಸೆಂಟಿಮೀಟರ್ ಚೌಕದ ಗಾಜಿನ ಮೇಲೆ 200 ಮೈಕ್ರೋಮೀಟರ್ ದಪ್ಪಕ್ಕೆ ಎರೆದ ದ್ರಾವಣ 2 ಮಿಲಿಲೀಟರ್, ಅಂದರೆ ಸುಮಾರು 2 ಗ್ರಾಂ. ಅದನ್ನು ಒಡೆಯಲು ಶೇ. 5ರಷ್ಟು ನೀರು ಬೇಕೆಂದು ಹಿಡಿದರೂ ನೂರು ಮಿಲಿಗ್ರಾಂ ಸಾಕು. ಮುಚ್ಚಿದ ಪೆಟ್ಟಿಗೆಯ ಗಾಳಿಯಲ್ಲೇ ಅದರ ಏಳು ಪಟ್ಟಿಗಿಂತ ಹೆಚ್ಚು ನೀರಿದೆ. ಮುಚ್ಚುವುದು ಒಣಗಿಸಿದಂತಲ್ಲ.

ಆದ್ದರಿಂದ ಪೆಟ್ಟಿಗೆಯೊಳಗೆ ಅಗಲವಾದ ತಟ್ಟೆಯಲ್ಲಿ ಸಿಲಿಕಾ ಜೆಲ್ ಹರಡಿ, ಸಣ್ಣ ಫ್ಯಾನ್ ಇಟ್ಟು, ಎರೆಯುವುದಕ್ಕೆ ಕೆಲವು ಗಂಟೆ ಮೊದಲೇ ಮುಚ್ಚಿಡಿ. ಒಳಗಿನ ಹೈಗ್ರೋಮೀಟರ್ ಶೇ. 20ಕ್ಕಿಂತ ಕೆಳಗೆ ಬಂದ ಮೇಲೆ ಫ್ಯಾನ್ ನಿಲ್ಲಿಸಿ ಎರೆಯಿರಿ. ಗಾಳಿ ಬೀಸುತ್ತಿದ್ದರೆ ಒದ್ದೆ ಪದರದ ಮೇಲೆ ಅಲೆ ಮೂಡುತ್ತದೆ. ಬಣ್ಣ ತೋರಿಸುವ ಜೆಲ್ ಆಗಿದ್ದರೆ ನೀಲಿ ಗುಲಾಬಿಯಾದಾಗ, ಅಥವಾ ಕಿತ್ತಳೆ ಹಸಿರಾದಾಗ, 110ರಿಂದ 120 ಡಿಗ್ರಿಯಲ್ಲಿ ಕಾಯಿಸಿ ಮತ್ತೆ ಬಳಸಿ. ನೈಟ್ರೋಜನ್ ಹಾಯಿಸುವವರು ಹರಿವನ್ನು ಮೆಲ್ಲಗಿಡಿ, ಕೋಣೆಯ ಕಿಟಕಿ ತೆರೆದಿಡಿ. ಮುಚ್ಚಿದ ಸಣ್ಣ ಕೋಣೆಯಲ್ಲಿ ನೈಟ್ರೋಜನ್ ಉಸಿರಿನ ಆಮ್ಲಜನಕವನ್ನು ತಳ್ಳಿಬಿಡುತ್ತದೆ.

ಎ.ಸಿ. ಇದ್ದರೆ ಸಾಲದೇ ಎಂದು ಕೇಳುತ್ತಾರೆ. ಎ.ಸಿ. ಗಾಳಿಯ ನೀರನ್ನು ಕಡಿಮೆ ಮಾಡುತ್ತದೆ, ಜತೆಗೆ ಗಾಳಿಯನ್ನು ತಂಪೂ ಮಾಡುವುದರಿಂದ ಸಾಪೇಕ್ಷ ಆರ್ದ್ರತೆ ಶೇ. 60ರ ಆಚೀಚೆ ಉಳಿಯುವುದು ಸಾಮಾನ್ಯ. ಕಂಪ್ರೆಸರ್ ನಿಂತು ಹೊರಟಂತೆ ಅದು ಏರಿಳಿಯುತ್ತಲೂ ಇರುತ್ತದೆ. ಡಿಹ್ಯುಮಿಡಿಫೈಯರ್ ಇದಕ್ಕಿಂತ ಮೇಲು. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡೂ ನಿಲ್ಲುತ್ತವೆ, ಕೋಣೆ ನೋಡನೋಡುತ್ತಲೇ ತೇವವಾಗುತ್ತದೆ. ಸಿಲಿಕಾ ಜೆಲ್ ಪೆಟ್ಟಿಗೆಗೆ ಕರೆಂಟಿನ ಹಂಗಿಲ್ಲ. ದೀರ್ಘ ಹೊತ್ತು ಒಣಗುವ ಪದರಗಳಿಗೆ ನಾನು ಅದನ್ನೇ ನಂಬುತ್ತೇನೆ.

ಬೇರೆ ಬೇರೆ ಆರ್ದ್ರತೆಯಲ್ಲಿ ಎರೆದು ಹೋಲಿಸಬೇಕೆಂದಿದ್ದರೆ ಜೆಲ್ ಬದಲು ಲವಣಗಳ ಸಂತೃಪ್ತ ದ್ರಾವಣ ಇಡಿ: ಲಿಥಿಯಂ ಕ್ಲೋರೈಡ್ ಶೇ. 11, ಮೆಗ್ನೀಸಿಯಂ ಕ್ಲೋರೈಡ್ 33, ಪೊಟ್ಯಾಸಿಯಂ ಕಾರ್ಬೊನೇಟ್ 43, ಅಡುಗೆ ಉಪ್ಪು 75, ಪೊಟ್ಯಾಸಿಯಂ ಕ್ಲೋರೈಡ್ 84. ತಳದಲ್ಲಿ ಕರಗದ ಲವಣ ಕಾಣುತ್ತಿರಬೇಕು. ಪದರದಿಂದ ಏಳುವ ಡಿಎಂಎಫ್ ಆವಿ ಈ ದ್ರಾವಣದಲ್ಲಿ ಕರಗಿ ಅಂಕಿಯನ್ನು ಕದಲಿಸುತ್ತದೆ, ಹಾಗಾಗಿ ನಾಲ್ಕಾರು ಪದರಗಳಿಗೊಮ್ಮೆ ಲವಣವನ್ನು ಹೊಸದಾಗಿ ಮಾಡಿಕೊಳ್ಳಿ.

ಹಂತ 5: ಎರೆಯಿರಿ, ಒಣಗಿಸಿ

ದಟ್ಟವಾದ, ತಿಳಿಯಾದ ಪದರ ಬೇಕಿದ್ದರೆ ಗಾಜನ್ನು ಮೊದಲೇ ಬಿಸಿ ಮಾಡಿಟ್ಟುಕೊಳ್ಳಿ. ತಣ್ಣನೆಯ ಗಾಜಿನ ಮೇಲೆ ಎರೆದು ಆಮೇಲೆ ಹಾಟ್‌ಪ್ಲೇಟಿಗೆ ಒಯ್ಯುವ ಆ ಒಂದೆರಡು ನಿಮಿಷದಲ್ಲೇ ಜುಲೈ ತಿಂಗಳ ಗಾಳಿ ತನ್ನ ಕೆಲಸ ಮುಗಿಸಿರುತ್ತದೆ. ಒಂದು ಸಲ ಒಡೆದ ರಚನೆ ಗಟ್ಟಿಯಾದ ಮೇಲೆ ನೂರು ಡಿಗ್ರಿಯ ಒಲೆಯಲ್ಲಿ ದಿನವಿಡೀ ಇಟ್ಟರೂ ರಂಧ್ರ ಮುಚ್ಚುವುದಿಲ್ಲ. ಸುಮಾರು 170 ಡಿಗ್ರಿಯ ಕರಗುಬಿಂದು ದಾಟಿಸಿ, 180ರಿಂದ 190ರಲ್ಲಿ ಕೆಲವು ನಿಮಿಷ ಇಟ್ಟರೆ ರಂಧ್ರಗಳು ಬೆಸೆದು ಪದರ ತಿಳಿಯಾಗುತ್ತದೆ. ಆದರೆ ಹಾಗೆ ಕರಗಿ ಆರಿದ ಪಿವಿಡಿಎಫ್ ಆಲ್ಫಾ ಎಂಬ ಸ್ಫಟಿಕ ರೂಪಕ್ಕೆ ಹೋಗುತ್ತದೆ.

ಈ ಆಲ್ಫಾ, ಬೀಟಾ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿವಿಡಿಎಫ್ ಸರಪಳಿ ಹಲವು ಬಗೆಯಲ್ಲಿ ಮಡಚಿ ಸ್ಫಟಿಕವಾಗುತ್ತದೆ. ಆಲ್ಫಾದಲ್ಲಿ ಪಕ್ಕಪಕ್ಕದ ಸರಪಳಿಗಳ ವಿದ್ಯುತ್ ದ್ವಿಧ್ರುವಗಳು, ಅಂದರೆ ಒಂದು ತುದಿ ಧನ ಇನ್ನೊಂದು ತುದಿ ಋಣವಾದ ಜೋಡಿಗಳು, ಒಂದನ್ನೊಂದು ರದ್ದುಮಾಡುತ್ತವೆ. ಅದರಿಂದ ಸಂವೇದಕ ಮಾಡಲಾಗದು. ಬೀಟಾದಲ್ಲಿ ಸರಪಳಿ ನೇರವಾಗಿ ಚಾಚಿ, ಫ್ಲೋರಿನ್‌ಗಳೆಲ್ಲ ಒಂದೇ ಬದಿಗೆ ನಿಲ್ಲುತ್ತವೆ; ಪೀಜೋವಿದ್ಯುತ್ತಿಗೆ ಬೇಕಾದದ್ದು ಇದು. ಗಾಮಾ ಇವೆರಡರ ನಡುವಿನದು. ಡಿಎಂಎಫ್‌ನಿಂದ ಎರೆದಾಗ ಸುಮಾರು 70 ಡಿಗ್ರಿಗಿಂತ ಕೆಳಗೆ ಬೀಟಾ ಹೆಚ್ಚು, 110 ಡಿಗ್ರಿ ಮೀರಿದರೆ ಆಲ್ಫಾ ಹೆಚ್ಚು. ತೊಡಕು ಇಲ್ಲಿಯೇ ಇದೆ: ನೀರನ್ನು ದೂರವಿಡುವ ಬಿಸಿ ಬೀಟಾವನ್ನೂ ದೂರವಿಡುತ್ತದೆ, ಬೀಟಾ ಕೊಡುವ ತಂಪು ರಂಧ್ರವನ್ನೂ ಕೊಡುತ್ತದೆ. ಸಂವೇದಕ ಮಾಡುವವರಿಗೆ ನನ್ನ ಸಲಹೆ 60 ಡಿಗ್ರಿಯ ಗಾಜು ಮತ್ತು ಒಣಗಿಸಿದ ಪೆಟ್ಟಿಗೆ, ಎರಡೂ ಒಟ್ಟಿಗೆ. ಆಗಲೂ ಪದರ ಗಾಜಿನಷ್ಟು ತಿಳಿಯಾಗದಿದ್ದರೆ ಬೇಸರ ಬೇಡ. ಸಂಪೂರ್ಣ ದಟ್ಟವಾದದ್ದೇ ಬೇಕೆಂದಾದರೆ ಬಿಸಿಯಲ್ಲಿ ಎರೆದು, ಆಲ್ಫಾ ಬಂದರೂ ಸರಿಯೆಂದು ಒಪ್ಪಿ, ಆಮೇಲೆ 80 ಡಿಗ್ರಿಯ ಸುಮಾರಿನಲ್ಲಿ ನಾಲ್ಕೈದು ಪಟ್ಟು ಎಳೆದು ಬೀಟಾಕ್ಕೆ ತಿರುಗಿಸುವ ಹಳೆಯ ದಾರಿ ಇದ್ದೇ ಇದೆ.

ನೀರಿದ್ದರೆ ಬೀಟಾ ಹೆಚ್ಚುತ್ತದಂತೆ ಎಂದು ಕೆಲವರು ಬರೆಯುತ್ತಾರೆ. ಅದರಲ್ಲಿ ಹುರುಳಿದೆ. ಸ್ಫಟಿಕಜಲವಿರುವ ಅಲ್ಯೂಮಿನಿಯಂ ನೈಟ್ರೇಟಿನಂಥ ಲವಣಗಳನ್ನು ಸ್ವಲ್ಪವೇ ಬೆರೆಸಿದಾಗ ಬೀಟಾ, ಗಾಮಾದಂಥ ಧ್ರುವೀಯ ರೂಪಗಳು ಹೆಚ್ಚುವುದನ್ನು ಕಂಡಿದ್ದಾರೆ; ಆ ನೀರಿನ ಹೈಡ್ರೋಜನ್ ಮತ್ತು ಸರಪಳಿಯ ಫ್ಲೋರಿನ್ ನಡುವಿನ ಸೆಳೆತ ಸರಪಳಿಯನ್ನು ನೇರ ನಿಲ್ಲಿಸುತ್ತದೆ ಎಂಬುದು ವಿವರಣೆ. ಆದರೆ ಅಳೆದು ಬೆರೆಸಿದ ಆ ನೀರು ಬೇರೆ, ಕಿಟಕಿಯಿಂದ ಬಂದ ನೀರು ಬೇರೆ. ಪದರ ಬೆಳ್ಳಗಾಯಿತು ಎಂದಾಕ್ಷಣ ಬೀಟಾ ಹೆಚ್ಚಿತು ಎಂದು ಬರೆಯಬೇಡಿ.

ಅಸಿಟೋನ್ ಬಳಸುವವರಿಗೆ ಅಪಾಯ ಇನ್ನೊಂದು ಬಗೆಯದು. ಪಿವಿಡಿಎಫ್-ಎಚ್‌ಎಫ್‌ಪಿ ಎಂಬ ಸಹಪಾಲಿಮರ್ ಅಸಿಟೋನ್‌ನಲ್ಲಿ ಕರಗುತ್ತದೆ, ಅಸಿಟೋನ್ ಕ್ಷಣದಲ್ಲಿ ಹಾರುತ್ತದೆ. ಹಾಗಾಗಿ ನೀರಿಗೆ ಸಮಯವೇ ಸಿಗದು ಎಂದು ಊಹಿಸುತ್ತಾರೆ. ಹಾರುವ ಅಸಿಟೋನ್ ಪದರದ ಮೈಯನ್ನು ತಣ್ಣಗಾಗಿಸುತ್ತದೆ. 30 ಡಿಗ್ರಿ, ಶೇ. 85ರ ಗಾಳಿಯ ಇಬ್ಬನಿ ಬಿಂದು, ಅಂದರೆ ನೀರಾವಿ ಹನಿಗಟ್ಟಲು ತೊಡಗುವ ಉಷ್ಣತೆ, ಸುಮಾರು 27 ಡಿಗ್ರಿ. ಮೂರೇ ಡಿಗ್ರಿ ತಣಿದರೆ ಮೈಮೇಲೆ ಇಬ್ಬನಿ ಬೀಳುತ್ತದೆ. ಪ್ರತಿ ಹನಿಯೂ ಒಂದು ದುಂಡು ಕುಳಿಯ ಅಚ್ಚಾಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಜೇನುಗೂಡಿನಂತೆ ಮೇಲ್ಮೈಯಲ್ಲಿ ಮಾತ್ರ ಕುಳಿಗಳಿದ್ದರೆ ಅದು ಇಬ್ಬನಿಯ ಕೆಲಸ. ಅಡ್ಡ ಸೀಳಿ ನೋಡಿದಾಗ ದಪ್ಪದುದ್ದಕ್ಕೂ ರಂಧ್ರಗಳಿದ್ದರೆ ಅದು ಹೀರಿದ ನೀರಿನಿಂದಾದ ಪ್ರಾವಸ್ಥಾ ಬೇರ್ಪಡೆ.

ಎಲೆಕ್ಟ್ರೋಸ್ಪಿನ್ನಿಂಗ್, ಅಂದರೆ ಹೆಚ್ಚು ವೋಲ್ಟೇಜಿನಲ್ಲಿ ದ್ರಾವಣವನ್ನು ನೂಲಾಗಿ ಎಳೆಯುವ ಕ್ರಮದಲ್ಲೂ ಇದೇ ಓಟವಿದೆ, ಎಳೆ ಸೂಜಿಯಿಂದ ಸಂಗ್ರಾಹಕಕ್ಕೆ ಹಾರುವ ಅಲ್ಪ ಸಮಯದಲ್ಲಿ. ತೇವ ಹೆಚ್ಚಿದ್ದರೆ ಎಳೆಯ ಒಳಗೆ ರಂಧ್ರ, ಮೈಮೇಲೆ ಒರಟು. ತೀರಾ ಒಣಗಿದ್ದರೆ ಸೂಜಿಯ ತುದಿಯಲ್ಲೇ ದ್ರಾವಣ ಒಣಗಿ ಕಟ್ಟುತ್ತದೆ. ಒಂದು ಅಂಕಿ ಆರಿಸಿ, ಋತು ಬದಲಾದರೂ ಅದನ್ನೇ ಕಾಯ್ದುಕೊಳ್ಳುವುದು ಮುಖ್ಯ.

ಹಂತ 6: ರಂಧ್ರವೇ ಬೇಕಿದ್ದರೆ

ಸೋಸುವ ಪೊರೆ ಮಾಡುವವರಿಗೆ ಕರಾವಳಿಯ ಗಾಳಿ ಶಾಪವಲ್ಲ. ಎರೆದ ಪದರವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ನೀರು ರಭಸದಿಂದ ನುಗ್ಗಿ, ಮೇಲೆ ದಟ್ಟ ಚರ್ಮವೂ ಒಳಗೆ ಬೆರಳಿನಂಥ ಉದ್ದ ಪೊಳ್ಳುಗಳೂ ಮೂಡುತ್ತವೆ. ತೇವ ಗಾಳಿಗೆ ಒಡ್ಡಿ ನಿಧಾನವಾಗಿ ನೀರು ಕುಡಿಸಿದರೆ ದಪ್ಪದುದ್ದಕ್ಕೂ ಸಮನಾದ ರಂಧ್ರಗಳು ಬರುತ್ತವೆ. ನಿಧಾನ ಇನ್ನೂ ಹೆಚ್ಚಿದರೆ ದ್ರವ ಒಡೆಯುವ ಮೊದಲೇ ಪಾಲಿಮರ್ ಸ್ಫಟಿಕಗಟ್ಟಲು ಶುರುಮಾಡಿ, ಸಾಬಕ್ಕಿ ಅಂಟಿಸಿದಂತೆ ಗುಂಡುಗುಂಡಾದ ರಚನೆ ಸಿಗುತ್ತದೆ. ಇಂಥ ಪೊರೆಯ ಕಣಗಳ ನಡುವಿನ ಹಿಡಿತ ದುರ್ಬಲ.

ಮುಳುಗಿಸುವ ವಿಧಾನದವರು ಎರೆದ ಮೇಲೆ ತೊಟ್ಟಿಗೆ ಇಳಿಸುವವರೆಗಿನ ಸಮಯವನ್ನು ಸೆಕೆಂಡಿನಲ್ಲಿ ಎಣಿಸಿ ಬರೆದಿಡಿ. ಒಣ ಊರಿನಲ್ಲಿ ಬರೆದ ವಿಧಾನದಲ್ಲಿ ಒಂದು ನಿಮಿಷ ಗಾಳಿಗೆ ಬಿಡಿ ಎಂದಿದ್ದರೆ ಅಲ್ಲಿ ದ್ರಾವಕ ಸ್ವಲ್ಪ ಹಾರಲಿ ಎಂಬುದು ಉದ್ದೇಶ. ನಮ್ಮಲ್ಲಿ ಆ ಒಂದು ನಿಮಿಷದಲ್ಲಿ ಮೇಲ್ಮೈ ನೀರು ಹೀರಿ ಚರ್ಮದ ಬದಲು ತೆರೆದ ರಂಧ್ರಗಳು ಮೂಡುತ್ತವೆ, ತಡೆಯಬೇಕಾದದ್ದು ಸೋಸದೆ ದಾಟಿಹೋಗುತ್ತದೆ.

ಹಂತ 7: ಸಿಕ್ಕಿದ್ದೇನೆಂದು ಪರೀಕ್ಷಿಸಿ

ದೊಡ್ಡ ಉಪಕರಣದ ಸರದಿಗೆ ಕಾಯುವ ಮೊದಲು ತಕ್ಕಡಿ ಬಳಸಿ. ದಟ್ಟ ಪಿವಿಡಿಎಫ್ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.78 ಗ್ರಾಂ. 10 ಸೆಂಟಿಮೀಟರ್ ಚೌಕ, 50 ಮೈಕ್ರೋಮೀಟರ್ ದಪ್ಪದ ಪದರ ರಂಧ್ರವಿಲ್ಲದಿದ್ದರೆ 0.89 ಗ್ರಾಂ ತೂಗಬೇಕು. ತಕ್ಕಡಿ 0.60 ತೋರಿಸಿದರೆ ಮೂರನೆಯ ಒಂದು ಪಾಲು ಗಾಳಿಯೇ. ಮತ್ತೊಂದು ಸುಲಭ ಪರೀಕ್ಷೆ: ಬೆಳ್ಳಗಿನ ಪದರದ ಮೇಲೆ ಒಂದು ಹನಿ ಎಥನಾಲ್ ಬಿಡಿ. ಎಥನಾಲಿನ ವಕ್ರೀಭವನ ಸೂಚಿ, ಅಂದರೆ ಅದು ಬೆಳಕನ್ನು ಎಷ್ಟು ಬಾಗಿಸುತ್ತದೆಂಬ ಅಳತೆ, 1.36, ಪಿವಿಡಿಎಫ್‌ನದು 1.42. ಎರಡೂ ಹತ್ತಿರವಿರುವುದರಿಂದ ಬೆಳಕು ಹೆಚ್ಚು ಚದುರದು. ಹಾಗಾಗಿ ರಂಧ್ರಗಳು ತೆರೆದಿದ್ದರೆ ದ್ರವ ಒಳಹೊಕ್ಕು ಆ ಜಾಗ ಎಣ್ಣೆ ತಾಗಿದ ಕಾಗದದಂತೆ ತಿಳಿಯಾಗುತ್ತದೆ, ಒಣಗಿದ ಮೇಲೆ ಮತ್ತೆ ಬೆಳ್ಳಗಾಗುತ್ತದೆ. ನೀರಿನ ಹನಿಯಿಂದ ಇದು ಆಗದು, ಪದರ ಅದನ್ನು ಒಳಗೆ ಬಿಡುವುದಿಲ್ಲ. ರಂಧ್ರವಿರುವ ಪದರದ ಮೇಲೆ ಲೋಹದ ವಿದ್ಯುದಗ್ರ ಕೂರಿಸಿದರೆ ಲೋಹ ಕೆಳಗಿಳಿದು ಶಾರ್ಟ್ ಆಗುವ ಸಂಭವ ಹೆಚ್ಚು, ಆದ್ದರಿಂದ ಈ ಹನಿ ಪರೀಕ್ಷೆಯನ್ನು ಪದರದ ಅಂಚಿನ ತುಂಡೊಂದರ ಮೇಲಾದರೂ ಮಾಡಿಯೇ ಮುಂದುವರಿಯಿರಿ.

ಸ್ಫಟಿಕ ರೂಪಕ್ಕೆ ಎಫ್‌ಟಿಐಆರ್, ಅಂದರೆ ಅವಕೆಂಪು ಬೆಳಕನ್ನು ಪದರ ಎಲ್ಲೆಲ್ಲಿ ಹೀರುತ್ತದೆಂದು ತೋರಿಸುವ ಉಪಕರಣ. ಪ್ರತಿ ಸೆಂಟಿಮೀಟರಿನ ತರಂಗಸಂಖ್ಯೆಯಲ್ಲಿ 763 ಮತ್ತು 976 ಆಲ್ಫಾದ ಗುರುತು. 840ರ ಶಿಖರವನ್ನು ಬೀಟಾ ಎಂದು ಬರೆದು ಮುಗಿಸುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಗಾಮಾ ಕೂಡ ಅದರ ಆಸುಪಾಸಿನಲ್ಲೇ ಹೀರುತ್ತದೆ. 1275 ಇದ್ದರೆ ಬೀಟಾ, 1234 ಇದ್ದರೆ ಗಾಮಾ, ಎರಡೂ ಇದ್ದರೆ ಎರಡೂ. ಬೀಟಾ ಪಾಲನ್ನು ಲೆಕ್ಕ ಹಾಕುವ ಪ್ರಚಲಿತ ಸೂತ್ರದಲ್ಲಿ 840ರ ಹೀರಿಕೆಯನ್ನು, ಅದೇ ಹೀರಿಕೆಗೆ 763ರ ಹೀರಿಕೆಯ 1.26 ಪಟ್ಟನ್ನು ಕೂಡಿಸಿದ ಮೊತ್ತದಿಂದ ಭಾಗಿಸುತ್ತಾರೆ. ಅದು ಸ್ಫಟಿಕ ಭಾಗದೊಳಗಿನ ಪಾಲು. ಇಡೀ ಪದರದ ಪಾಲಲ್ಲ.

ಹಂತ 8: ಬರೆದಿಡಿ, ಉಳಿದದ್ದನ್ನು ಸರಿಯಾಗಿ ವಿಲೇವಾರಿ ಮಾಡಿ

ಪ್ರತಿ ಪದರಕ್ಕೂ ನೋಟುಪುಸ್ತಕದಲ್ಲಿ ಇಷ್ಟು ಇರಲಿ: ದಿನಾಂಕ, ಕೋಣೆಯ ಉಷ್ಣತೆ, ಪೆಟ್ಟಿಗೆಯೊಳಗಿನ ಆರ್ದ್ರತೆ, ಗಾಜಿನ ಮೈಯ ಉಷ್ಣತೆ, ಒದ್ದೆ ಪದರದ ದಪ್ಪ, ದ್ರಾವಕದ ಬಾಟಲಿ ತೆರೆದ ದಿನ, ಮತ್ತು ಎರೆದ ಎಷ್ಟು ನಿಮಿಷಕ್ಕೆ ಮೊದಲ ಮಸುಕು ಕಂಡಿತು ಎಂಬುದು. ಕೊನೆಯದಕ್ಕೆ ಗಡಿಯಾರವಷ್ಟೇ ಸಾಕು, ಆದರೆ ಹಿಂದಿನ ಪದರದೊಂದಿಗೆ ಹೋಲಿಸಲು ಅದರಷ್ಟು ನೇರವಾದ ಅಳತೆ ಇನ್ನೊಂದಿಲ್ಲ.

ಪೊರೆ ಮುಳುಗಿಸಿದ ತೊಟ್ಟಿಯ ನೀರಿನಲ್ಲಿ ನೀವು ಬಳಸಿದ ದ್ರಾವಕದ ಬಹುಪಾಲು ಇರುತ್ತದೆ. ಅದು ನೀರಿನಂತೆಯೇ ಕಾಣುವುದರಿಂದ ಸಿಂಕಿಗೆ ಚೆಲ್ಲುವವರಿದ್ದಾರೆ. ಮನೆಮನೆಗೂ ಬಾವಿಯಿರುವ, ಚೆಲ್ಲಿದ್ದೆಲ್ಲ ಮುರಕಲ್ಲಿನ ಮೂಲಕ ಇಂಗಿ ಕೆಳಗಿಳಿಯುವ ಊರು ನಮ್ಮದು. ಆ ನೀರನ್ನು ಗುರುತುಚೀಟಿ ಅಂಟಿಸಿದ ಕ್ಯಾನಿನಲ್ಲಿ ಸಂಗ್ರಹಿಸಿ ಅಪಾಯಕಾರಿ ತ್ಯಾಜ್ಯದೊಂದಿಗೆ ಕಳುಹಿಸಿ. ಕೆಟ್ಟ ಪದರಗಳನ್ನು, ದ್ರಾವಣ ಒರೆಸಿದ ಕಾಗದವನ್ನು ಎಂದಿಗೂ ಸುಡಬೇಡಿ. ಉರಿಯಲ್ಲಿ ಪಿವಿಡಿಎಫ್ ಹೈಡ್ರೋಜನ್ ಫ್ಲೋರೈಡ್ ಅನಿಲ ಬಿಡುತ್ತದೆ, ಅದು ಶ್ವಾಸಕೋಶವನ್ನೇ ಸುಡುತ್ತದೆ. ಅಂಚು ಕತ್ತರಿಸಿದ ತುಂಡುಗಳು ಶುದ್ಧವಾಗಿದ್ದರೆ ಒಣಗಿಸಿಟ್ಟು, ಮತ್ತೆ ಡಿಎಂಎಫ್‌ನಲ್ಲಿ ಕರಗಿಸಿ ಅಭ್ಯಾಸದ ಪದರಗಳಿಗೆ ಬಳಸಬಹುದು.